ಹತ್ತನೇ ಸಾಲು ಖಾಲಿ

ಆ ಕಾಗದ ಬಂದ ದಿನ ಗುಮಾಸ್ತರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇಪ್ಪತ್ತು ಪುಟಕ್ಕೆ ಕಡಿಮೆಯಿಲ್ಲ" ಎಂದರು. ಓದಲಿಲ್ಲ. ಓದುವುದು ಅವರಿಂದ ಆಗುತ್ತಿರಲಿಲ್ಲ. ಕಣ್ಣಿನ ಡಾಕ್ಟರನ್ನು ಬಿಟ್ಟರೆ ಈ ಸಂಗತಿ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು ಎಂದು ಅವರು ನಂಬಿದ್ದರು. ಒಬ್ಬರು ಅವರೇ. ಇನ್ನೊಬ್ಬಳು ಶಾಲೆಯ ಗಂಟೆಯಕ್ಕ.

ಸರ್ಕಾರಿ ಶಾಲೆಯ ಗುಮಾಸ್ತನಿಗೆ ಕಣ್ಣು ಕಾಣದಿದ್ದರೆ ಎಷ್ಟು ದಿನ ಮುಚ್ಚಿಡಬಹುದು, ನೀವೇ ಹೇಳಿ. ಒಂದು ವಾರ? ಹದಿನೈದು ದಿನ? ನಮ್ಮ ಗುಮಾಸ್ತರು ಎರಡು ವರ್ಷ ಮುಚ್ಚಿಟ್ಟಿದ್ದರು. ಪೂರ್ತಿ ಕತ್ತಲೆಯೇನಲ್ಲ. ಕಣ್ಣಂಚಿನಲ್ಲಿ ಎಲ್ಲ ಕಾಣುತ್ತಿತ್ತು, ನೇರ ನೋಡಿದ ಜಾಗ ಮಾತ್ರ ಯಾರೋ ಮಸಿ ಹೆಬ್ಬೆಟ್ಟು ಒತ್ತಿದ ಹಾಗೆ ಅಳಿಸಿಹೋಗಿರುತ್ತಿತ್ತು. ನಡೆದಾಡುವುದಕ್ಕೆ ತೊಂದರೆಯಿಲ್ಲ, ಬಾಗಿಲು ಕಿಟಕಿ ಗೊತ್ತಾಗುತ್ತದೆ, ಎದುರು ಬಂದವರ ಸೀರೆಯ ಅಂಚು ಕಾಣುತ್ತದೆ, ಮುಖ ಇಲ್ಲ. ಅಕ್ಷರವಂತೂ ಇಲ್ಲವೇ ಇಲ್ಲ. ಕನ್ನಡಕ ಬದಲಾಯಿಸಿದರೆ ಸರಿಹೋಗುವ ಜಾತಿಯದಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಗುಮಾಸ್ತರು ಮೂರು ಸಲ ಕನ್ನಡಕ ಬದಲಾಯಿಸಿದರು. ಮನುಷ್ಯನಿಗೆ ಆಸೆ.

ಗಂಟೆಯಕ್ಕನಿಗೆ ಗೊತ್ತಾದದ್ದು ಬಹಳ ಸುಲಭವಾಗಿ. ಒಂದು ದಿನ ಬೆಳಿಗ್ಗೆ ಆಕೆ ಕಚೇರಿ ಕೋಣೆ ಗುಡಿಸುತ್ತಿದ್ದಾಗ ಗುಮಾಸ್ತರು ಗಂಭೀರವಾಗಿ ಹಾಜರಿ ಪುಸ್ತಕದ ಮೇಲೆ ಬೆರಳಾಡಿಸುತ್ತಿದ್ದರು. ಆಕೆ ಪೊರಕೆ ಗೋಡೆಗೊರಗಿಸಿ ನಿಂತಳು.

"ಸಾರ್, ಪುಸ್ತಕ ತಲೆಕೆಳಗಾಗಿದೆ."

ಗುಮಾಸ್ತರ ಬೆರಳು ಅಲ್ಲೇ ನಿಂತಿತು. ಆಕೆ ಹೋಗಿ ಬಾಗಿಲು ಮುಂದೆ ಮಾಡಿ ಬಂದಳು, ಪುಸ್ತಕವನ್ನು ಸರಿಯಾಗಿ ತಿರುಗಿಸಿದಳು, ಮೇಜಿನ ಮೇಲಿದ್ದ ಮರದ ಅಡಿಪಟ್ಟಿಯನ್ನು ಒಂದು ಸಾಲಿನ ಕೆಳಗೆ ಇಟ್ಟಳು.

"ಎಲ್ಲಿಂದ ಬೇಕು? ಮೂರನೇ ತರಗತಿಯಿಂದಾನಾ?"

"ಯಾರಿಗೂ ಹೇಳಬೇಡಮ್ಮ" ಎಂದರು ಗುಮಾಸ್ತರು. ಅವರ ಧ್ವನಿ ಅವರಿಗೇ ಗುರುತು ಸಿಗಲಿಲ್ಲ.

"ನನಗೇನು ಬೇರೆ ಕೆಲಸ ಇಲ್ವಾ, ಊರೆಲ್ಲ ಡಂಗುರ ಹೊಡೆಯೋಕೆ? ಗಂಟೆ ಹೊಡೆಯೋದೇ ಸಾಕಾಗಿದೆ. ಮೂರನೇ ತರಗತೀನೋ ಅಲ್ವೋ, ಬೇಗ ಹೇಳಿ."

ಅವತ್ತಿನಿಂದ ದಿನಾ ಬೆಳಿಗ್ಗೆ ಶಾಲೆ ತೆರೆಯುವ ಮುಂಚೆ ಮುಕ್ಕಾಲು ಗಂಟೆ, ಸಂಜೆ ಬಿಟ್ಟ ಮೇಲೆ ಅರ್ಧ ಗಂಟೆ ಅವರಿಬ್ಬರ ಕೆಲಸ. ಆಕೆ ಓದುವಳು, ಅಡಿಪಟ್ಟಿ ಇಡುವಳು. ಇವರು ಪಟ್ಟಿಯ ಅಂಚಿಗೆ ಕಿರುಬೆರಳು ಆನಿಸಿ ಬರೆಯುವರು. ಮುವ್ವತ್ತು ವರ್ಷದ ಕೈ, ಕಣ್ಣಿಲ್ಲದಿದ್ದರೂ ಅಕ್ಷರ ಮುತ್ತಿನ ಹಾಗೇ ಬೀಳುತ್ತಿತ್ತು. ಗಂಟೆಯಕ್ಕ ಅದೇ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮೊದಮೊದಲು ತಡವರಿಸಿ ಓದುತ್ತಿದ್ದವಳು ಆರು ತಿಂಗಳಲ್ಲಿ ಎಷ್ಟು ಪಳಗಿದಳೆಂದರೆ, ಯಾವ ಮಗುವಿನ ಹುಟ್ಟಿದ ದಿನ ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ನಿಂತ ಕಾಲಲ್ಲೇ ಹೇಳುತ್ತಿದ್ದಳು. ದಾಖಲಾತಿ ಪುಸ್ತಕ, ವರ್ಗಾವಣೆ ಪತ್ರ, ಪರೀಕ್ಷೆಯ ಅರ್ಜಿ, ಎಲ್ಲವೂ ಆಕೆಯ ಬಾಯಿಂದ ಇವರ ಕೈಗೆ. ಎರಡು ವರ್ಷದಲ್ಲಿ ಒಂದು ತಪ್ಪಿಲ್ಲ. ಎಂಟು ತಿಂಗಳ ಹಿಂದೆ ವರ್ಗವಾಗಿ ಬಂದ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, "ನಮ್ಮ ಗುಮಾಸ್ತರಂಥ ಶಿಸ್ತಿನ ಮನುಷ್ಯ ಇಲಾಖೆಯಲ್ಲೇ ಇಲ್ಲ" ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಹೊಗಳಿಕೆ ಕಿವಿಗೆ ಬಿದ್ದಾಗ ಗುಮಾಸ್ತರು ನಮ್ರವಾಗಿ ತಲೆ ತಗ್ಗಿಸುತ್ತಿದ್ದರು. ಪಕ್ಕದಲ್ಲಿ ಗಂಟೆಯಕ್ಕ ಕಿಟಕಿಯ ಧೂಳು ಒರೆಸುತ್ತಿರುತ್ತಿದ್ದಳು.

ಹೀಗಿರುವಾಗ ಬಂದದ್ದು ಆ ಕಾಗದ. 'ಸರ್ಕಾರಿ ಶಾಲೆಗಳಲ್ಲಿ ಬೋಧಕೇತರ ಸೇವೆಗಳನ್ನು ಹೊರಗುತ್ತಿಗೆಗೆ ವಹಿಸುವ ನಿಯಮಗಳು.' ಓದಿ ಹೇಳಿದ್ದು ಯಾರು? ಗಂಟೆಯಕ್ಕನೇ. ಬೇರೆ ಯಾರಿದ್ದರು?

ಆಕೆ ಸ್ಟೂಲಿನ ಮೇಲೆ ಕೂತು ಒಂದೊಂದೇ ನಿಯಮ ಓದಿದಳು. ಗುಡಿಸುವುದು, ಒರೆಸುವುದು, ನೀರು ತುಂಬಿಸುವುದು, ಗೇಟು ಕಾಯುವುದು, ಗಂಟೆ ಬಾರಿಸುವುದು ಮುಂತಾದ ಸೇವೆಗಳನ್ನು ಇನ್ನು ಮುಂದೆ ಏಜೆನ್ಸಿಯ ಮೂಲಕ ಪಡೆಯತಕ್ಕದ್ದು. ಅಂಥ ಹುದ್ದೆಯಲ್ಲಿರುವ ಕಾಯಂ ನೌಕರರನ್ನು ಮುವ್ವತ್ತು ದಿನಗಳ ನಂತರ ಬಿಡುಗಡೆ ಮಾಡತಕ್ಕದ್ದು. ಏಜೆನ್ಸಿಗೆ ಸೇರಬಯಸುವವರ ವಯಸ್ಸು ನಲವತ್ತೈದು ಮೀರಿರತಕ್ಕದ್ದಲ್ಲ.

"ನನಗೆ ಐವತ್ತೊಂದು" ಎಂದಳು ಗಂಟೆಯಕ್ಕ, ಅದೂ ನಿಯಮದ ಒಂದು ಭಾಗವೋ ಎನ್ನುವಂತೆ. ಮುಂದೆ ಓದಿದಳು.

ಹನ್ನೊಂದನೇ ನಿಯಮಕ್ಕೆ ಬಂದಾಗ ಆಕೆಯ ಧ್ವನಿ ನಿಧಾನವಾಯಿತು. 'ಮಕ್ಕಳ ದಾಖಲೆಗಳನ್ನು ಓದುವ, ಬರೆಯುವ ಅಥವಾ ಕಾಪಾಡುವ ಕೆಲಸದಲ್ಲಿ ತೊಡಗಿರುವ ಯಾವುದೇ ನೌಕರರನ್ನು, ಅವರ ಹುದ್ದೆಯ ಹೆಸರು ಏನೇ ಇದ್ದರೂ, ಹೊರಗುತ್ತಿಗೆಯ ವ್ಯಾಪ್ತಿಗೆ ತರತಕ್ಕದ್ದಲ್ಲ.'

ಓದಿ ನಿಲ್ಲಿಸಿದಳು. ಹೊರಗೆ ಮೈದಾನದಲ್ಲಿ ಯಾವುದೋ ಮಗು ಬೇಗ ಬಂದು ನಲ್ಲಿ ತಿರುಗಿಸಿ ನೀರು ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಗಂಟೆಯಕ್ಕ ಕಿಟಕಿಯಿಂದಲೇ ಗದರುತ್ತಿದ್ದಳು.

"ಇನ್ನೊಂದು ಸಲ ಓದಲಾ ಸಾರ್?"

"ಬೇಡ, ಕೇಳಿಸ್ತು" ಎಂದರು ಗುಮಾಸ್ತರು.

ಕಾಗದದ ಕೊನೆಯಲ್ಲಿ ಒಂದು ನಮೂನೆ ಇತ್ತು. ಬೋಧಕೇತರ ನೌಕರರು ಮಾಡುವ ಕೆಲಸಗಳ ಪಟ್ಟಿ. ಹತ್ತು ಸಾಲು. ಯಾವ ಕೆಲಸ, ದಿನಕ್ಕೆ ಎಷ್ಟು ನಿಮಿಷ, ಅಷ್ಟೇ. ತುಂಬಬೇಕಾದವರು ಶಾಲೆಯ ಗುಮಾಸ್ತರು. ತುಂಬುವುದಕ್ಕೆ ಅಡಿಪಟ್ಟಿ ಇಡಬೇಕಾದವಳು ಗಂಟೆಯಕ್ಕ.

ಮಾರನೇ ದಿನ ಬೆಳಿಗ್ಗೆ ಕೂತರು. ಮೊದಲನೇ ಸಾಲು, ಆರು ಕೋಣೆ ಗುಡಿಸುವುದು, ತೊಂಬತ್ತು ನಿಮಿಷ. ಎರಡನೇದು, ಶೌಚಾಲಯ ತೊಳೆಯುವುದು. ಮೂರನೇದು, ಕುಡಿಯುವ ನೀರಿನ ತೊಟ್ಟಿ. ಗೇಟು, ಗಂಟೆ, ಬೆಂಚು ಜೋಡಿಸುವುದು, ಕಸ ಹೊರಗೆ ಸಾಗಿಸುವುದು, ಅಂಚೆ ತರುವುದು, ಸಂಜೆ ಬೀಗ ಹಾಕುವುದು. ಒಂದೊಂದು ಬರೆದಾಗಲೂ ಆಕೆ ಅಡಿಪಟ್ಟಿಯನ್ನು ಕೆಳಗೆ ಸರಿಸುತ್ತಿದ್ದಳು. ಒಂಬತ್ತಾಯಿತು. ಪಟ್ಟಿ ಹತ್ತನೇ ಸಾಲಿಗೆ ಬಂತು.

ಗುಮಾಸ್ತರು ಕಿರುಬೆರಳು ಆನಿಸಿದರು. ಪೆನ್ನಿನ ಮೊನೆ ಕಾಗದಕ್ಕೆ ತಾಗಿತು.

ಏನು ಬರೆಯಬೇಕೆಂದು ಅವರಿಗೆ ಗೊತ್ತಿತ್ತು. 'ದಾಖಲೆಗಳನ್ನು ಓದುವುದು, ಎಪ್ಪತ್ತೈದು ನಿಮಿಷ.' ನಾಲ್ಕೈದು ಪದ. ಬರೆದ ತಕ್ಷಣ ಮೇಲಿನವರು ಕೇಳುತ್ತಾರೆ. ಗುಡಿಸುವವಳು ದಾಖಲೆ ಯಾಕೆ ಓದುತ್ತಾಳೆ? ಗುಮಾಸ್ತ ಏನು ಮಾಡುತ್ತಾನೆ? ಆಮೇಲೆ ಕಣ್ಣಿನ ಪರೀಕ್ಷೆ, ಎಲ್ಲರೆದುರು ಗೋಡೆಯ ಮೇಲಿನ ಅಕ್ಷರ ಓದಿಸುವುದು, ನಿವೃತ್ತಿಗೆ ಮೂರು ವರ್ಷ ಇರುವಾಗ ಮನೆಗೆ ಕಳಿಸುವುದು. ಶಿಸ್ತಿನ ಮನುಷ್ಯ! ದೊಡ್ಡ ಮೇಡಂ ಏನೆನ್ನುತ್ತಾರೆ? ಇಷ್ಟು ವರ್ಷ ತನ್ನ ಕಿಟಕಿಯ ಮುಂದೆ ಕೈಕಟ್ಟಿ ನಿಂತ ಅಪ್ಪಂದಿರು ಅಮ್ಮಂದಿರು ಏನೆನ್ನುತ್ತಾರೆ?

ಪಟ್ಟಿ ಹತ್ತನೇ ಸಾಲಿನ ಕೆಳಗೇ ಇತ್ತು. ಆಕೆ ಅಲ್ಲಾಡಿಸಲಿಲ್ಲ.

"ಇನ್ನೇನಾದ್ರೂ ಇದೆಯಾ ಸಾರ್?"

"ಇಷ್ಟೇ" ಎಂದರು ಗುಮಾಸ್ತರು.

ಮೇಲಿನ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಆಮೇಲೆ ಪಟ್ಟಿ ಕೆಳಗೆ ಸರಿದು ಸಹಿಯ ಜಾಗದಲ್ಲಿ ನಿಂತಿತು. ಗುಮಾಸ್ತರು ಸಹಿ ಮಾಡಿದರು. ಅಷ್ಟು ಚೆಂದದ ಸಹಿಯನ್ನು ಅವರು ಈಚೆಗೆ ಮಾಡಿರಲಿಲ್ಲ. ಹಾಳಾದ ಕೈ, ಅಂಥ ಹೊತ್ತಿನಲ್ಲೂ ನಡುಗಲಿಲ್ಲ.

ಒಂದು ವಾರಕ್ಕೆ ಆದೇಶ ಬಂತು. ಅದನ್ನೂ ಆಕೆಯೇ ಓದಿದಳು. ಗಂಟೆಯಕ್ಕನ ಹುದ್ದೆ ಹೊರಗುತ್ತಿಗೆಗೆ. ಇವತ್ತಿನಿಂದ ಮುವ್ವತ್ತನೇ ದಿನ ಬಿಡುಗಡೆ. ಕೆಳಗೆ ಒಂದು ಟಿಪ್ಪಣಿ. 'ಪಟ್ಟಿಯಲ್ಲಿ ತಿದ್ದುಪಡಿ ಇದ್ದಲ್ಲಿ, ಪಟ್ಟಿ ತಯಾರಿಸಿದವರು ಅದೇ ಮುವ್ವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.' ಈ ಟಿಪ್ಪಣಿಯನ್ನು ಆಕೆ ಎರಡು ಸಲ ಓದಿದಳು. ಯಾವ ಕಾಗದವನ್ನೂ ಎರಡು ಸಲ ಓದುವ ಅಭ್ಯಾಸ ಆಕೆಗಿರಲಿಲ್ಲ.

"ಫೈಲಿಗೆ ಹಾಕು" ಎಂದರು ಗುಮಾಸ್ತರು.

"ಹಾಕ್ತೀನಿ" ಎಂದಳು. ಹಾಕಿದಳು.

ಮುವ್ವತ್ತು ದಿನ ಎಂದರೆ ಬೇಕಾದಷ್ಟಾಯಿತಲ್ಲ ಎಂದು ಗುಮಾಸ್ತರು ತಮಗೆ ತಾವೇ ಹೇಳಿಕೊಂಡರು. ಇವತ್ತಲ್ಲ ನಾಳೆ. ನಾಳೆಯಲ್ಲ ಸೋಮವಾರ. ಸೋಮವಾರ ದೊಡ್ಡ ಮೇಡಂಗೆ ತಲೆನೋವು, ಮಂಗಳವಾರ ಮೀಟಿಂಗು. ಮನಸ್ಸಿಲ್ಲದವನಿಗೆ ನೆಪಕ್ಕೆ ಬರವೇ? ದಿನಾ ಬೆಳಿಗ್ಗೆ ಗಂಟೆಯಕ್ಕ ಬರುತ್ತಿದ್ದಳು, ಓದುತ್ತಿದ್ದಳು, ಪಟ್ಟಿ ಇಡುತ್ತಿದ್ದಳು. ತಮಾಷೆ ಮಾತ್ರ ನಿಂತುಹೋಗಿತ್ತು. ಮೊದಲಾದರೆ ಓದುತ್ತಾ ಓದುತ್ತಾ, "ಇವನಪ್ಪನೂ ಇದೇ ಶಾಲೆ ಸಾರ್, ಇವನ ಥರಾನೇ ಮೂಗು ಸೋರ್ತಿತ್ತು" ಎಂದು ಏನಾದರೂ ಸೇರಿಸುತ್ತಿದ್ದಳು. ಈಗ ಕಾಗದದಲ್ಲಿ ಇದ್ದಷ್ಟೇ ಓದುತ್ತಿದ್ದಳು. ಗುಮಾಸ್ತರಿಗೆ ಊಟ ಸೇರುತ್ತಿರಲಿಲ್ಲ. ಆಕೆಯ ಚಪ್ಪಲಿಯ ಸದ್ದು ವರಾಂಡದಲ್ಲಿ ಕೇಳಿದರೆ ಕಪಾಟಿನ ಕಡೆ ತಿರುಗಿ ನಿಲ್ಲುತ್ತಿದ್ದರು.

ಕೊನೆಯ ವಾರ ಏಜೆನ್ಸಿಯಿಂದ ಒಬ್ಬ ಹುಡುಗಿ ಬಂದಳು, ನೀಲಿ ಕೋಟು, ಎದೆಯ ಮೇಲೆ ಬಿಲ್ಲೆ. ಪಾಪದ ಹುಡುಗಿ, ಎಲ್ಲರಿಗೂ ನಮಸ್ಕಾರ ಮಾಡಿದಳು. ಅವಳಿಗೆ ಕೆಲಸ ಕಲಿಸುವ ಹೊಣೆ ಗಂಟೆಯಕ್ಕನದೇ ಆದ್ದರಿಂದ ಬೆಳಗಿನ ಓದು ತಪ್ಪಿಹೋಯಿತು. ಒಂದು ದಿನ ಗುಮಾಸ್ತರು ಆ ಹುಡುಗಿಯನ್ನು ಕರೆದು, ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದುಕೊಡಮ್ಮ ಎಂದರು.

"ನನ್ನ ಪಟ್ಟಿಯಲ್ಲಿ ಅದಿಲ್ಲ ಸಾರ್" ಎಂದಳು ಅವಳು, ಹೆದರಿ. "ಪುಸ್ತಕ ಮುಟ್ಟಬಾರದು ಅಂತ ಏಜೆನ್ಸಿಯವರು ಹೇಳಿದಾರೆ. ನಿಯಮ ಅಂತೆ."

"ಸರಿ, ಹೋಗು" ಎಂದರು ಗುಮಾಸ್ತರು.

ಅದೇ ದಿನ, ಅಂದರೆ ಇಪ್ಪತ್ತೊಂಬತ್ತನೇ ದಿನ, ಒಬ್ಬ ತಾಯಿ ಮಗಳ ವರ್ಗಾವಣೆ ಪತ್ರಕ್ಕೆ ಬಂದಳು. ಸಂಸಾರ ಬೇರೆ ಊರಿಗೆ ಹೊರಟಿತ್ತು, ಮಧ್ಯಾಹ್ನದ ರೈಲು. ಗುಮಾಸ್ತರು ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನು ತಡವಿದರು. ಅಂದಾಜಿನ ಮೇಲೆ ಒಂದನ್ನು ತೆಗೆದರು. ಭೂತಗನ್ನಡಿ ಹಿಡಿದು, ಕತ್ತು ಓರೆ ಮಾಡಿ, ಕಣ್ಣಂಚಿನಲ್ಲಿ ಒಂದೊಂದಕ್ಷರ ಹೆಕ್ಕಿ ಅರ್ಧ ಗಂಟೆಯಲ್ಲಿ ಪತ್ರ ಬರೆದು, ಠಸ್ಸೆ ಒತ್ತಿ ಕೊಟ್ಟರು. ಹತ್ತು ನಿಮಿಷಕ್ಕೆ ಆ ತಾಯಿ ಕಿಟಕಿಗೆ ವಾಪಸು ಬಂದಳು.

"ಏನ್ರೀ ಇದು? ಇದು ನನ್ನ ದೊಡ್ಡ ಮಗಳದು! ಅವಳು ಶಾಲೆ ಬಿಟ್ಟು ನಾಲ್ಕು ವರ್ಷ ಆಯ್ತು. ಚಿಕ್ಕವಳದು ಕೇಳಿದ್ರೆ ದೊಡ್ಡವಳದು ಕೊಡ್ತೀರಲ್ಲ, ನಿಮಗೇನು ಕಣ್ಣು ಕಾಣಲ್ವಾ?"

ಗಲಾಟೆ ಕೇಳಿ ದೊಡ್ಡ ಮೇಡಂ ಬಂದರು. ಇಬ್ಬರು ಟೀಚರುಗಳು ಬಾಗಿಲಿಗೆ ಬಂದು ನಿಂತರು. ಗುಮಾಸ್ತರು ಭೂತಗನ್ನಡಿಯನ್ನು ಕಾಗದದಡಿ ಸರಿಸಿದರು. ಆಗ ವರಾಂಡದಲ್ಲಿ ಬಕೆಟ್ಟು ಇಟ್ಟ ಸದ್ದಾಯಿತು.

"ನಂದೇ ತಪ್ಪು ಮೇಡಂ" ಎಂದಳು ಗಂಟೆಯಕ್ಕ. "ಬೇರೆ ವರ್ಷದ ಪುಸ್ತಕ ತೆಗೆದು ಸಾರ್ ಮುಂದೆ ಇಟ್ಟುಬಿಟ್ಟೆ. ಅಕ್ಕತಂಗೀರು, ತಂದೆ ಹೆಸರು ಒಂದೇ, ಮನೆ ಒಂದೇ. ಈಗ ಸರಿಯಾದ್ದು ಕೊಡ್ತೀನಿ."

ದೊಡ್ಡ ಮೇಡಂ ಎಲ್ಲರೆದುರು ಆಕೆಯನ್ನು ಬೈದರು. ಹೋಗುವ ಕಾಲಕ್ಕೆ ಕೆಲಸದ ಮೇಲೆ ಗಮನ ಇಲ್ಲ, ಸಂಬಂಧವಿಲ್ಲದ ಕಪಾಟಿಗೆ ಯಾಕೆ ಕೈ ಹಾಕಿದೆ, ಇಪ್ಪತ್ತನಾಲ್ಕು ವರ್ಷ ದುಡಿದು ಕೊನೆಗೆ ಇಂಥ ಹೆಸರು ತಗೊಂಡು ಹೋಗ್ತೀಯಾ, ಹೀಗೆ. ಆಕೆ ತಲೆ ತಗ್ಗಿಸಿ ನಿಂತಿದ್ದಳು. ಗುಮಾಸ್ತರಿಗೆ ಆಕೆಯ ಸೀರೆಯ ಒದ್ದೆ ಅಂಚು ಮಾತ್ರ ಕಾಣುತ್ತಿತ್ತು. ಅವರು ಬಾಯಿ ತೆರೆಯಬೇಕಾದ ಜಾಗ ಅದು. ಅವರು ಬಾಯಿ ತೆರೆಯಲಿಲ್ಲ.

ಎಲ್ಲ ಹೋದ ಮೇಲೆ ಆಕೆ ಸರಿಯಾದ ಪುಸ್ತಕ ತಂದು ಬಿಚ್ಚಿ, ಪಟ್ಟಿ ಇಟ್ಟು ಓದಿದಳು. ಇವರು ಬರೆದರು. ಆ ತಾಯಿ ಪತ್ರ ಕಸಿದುಕೊಂಡು ಓಡಿದಳು.

"ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?" ಎಂದರು ಗುಮಾಸ್ತರು, ಮೇಜು ನೋಡುತ್ತಾ.

"ನಿಮಗೋಸ್ಕರ ಅಂತ ತಿಳ್ಕೋಬೇಡಿ. ಆ ಮಗೂಗೆ ರೈಲಿತ್ತು. ನಿಂತು ಪಂಚಾಯ್ತಿ ಮಾಡೋಕೆ ಟೈಮಿರಲಿಲ್ಲ" ಎಂದು ಬಕೆಟ್ಟು ಎತ್ತಿಕೊಂಡು ಹೋದಳು.

ಅವತ್ತು ಸಂಜೆ ಗುಮಾಸ್ತರು ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುವುದು ಆಕೆಯ ಕೆಲಸ. ಗುಮಾಸ್ತರು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕುಸಿದರು.

"ನನಗೆ ಕಣ್ಣು ಕಾಣಲ್ಲ ಕಣೇ" ಎಂದರು.

ಯಂತ್ರ ನಿಂತಿತು.

"ಅದು ಹೊಸದಾ?" ಎಂದಳು ಹೆಂಡತಿ. "ಎರಡು ವರ್ಷದಿಂದ ಈ ಮನೇಲಿ ಒಂದು ಚಮಚ ಜಾಗ ಬದಲಾಯಿಸಿಲ್ಲ ನಾನು. ಯಾಕೆ ಅಂದ್ಕೊಂಡಿದ್ರಿ, ಸೋಮಾರಿತನಾನಾ? ಹೇಳ್ತೀರಿ ಹೇಳ್ತೀರಿ ಅಂತ ಕಾಯ್ತಾ ಇದ್ದೆ. ಸೂಜಿಗೆ ದಾರ ಪೋಣಿಸಿ ಕೊಡಿ ಅಂದಾಗಲೆಲ್ಲ ನಿಮಗೆ ಕೈ ಒದ್ದೆ ಇರ್ತಿತ್ತಲ್ಲ, ಮಾರಾಯ್ರೇ!"

ಗುಮಾಸ್ತರಿಗೆ ನಗುವೂ ಬಂತು, ಅಳುವೂ ಬಂತು. ಆ ಹದದಲ್ಲಿ ಉಳಿದದ್ದನ್ನೂ ಹೇಳಿಬಿಟ್ಟರು. ಪಟ್ಟಿ, ಹತ್ತನೇ ಸಾಲು, ಟಿಪ್ಪಣಿ, ಇವತ್ತಿನ ಬೈಗುಳ, ಎಲ್ಲ. ಹೇಳಿ ಮುಗಿಸುವಷ್ಟರಲ್ಲಿ ಹೆಂಡತಿಯ ನಗು ಇಂಗಿಹೋಗಿತ್ತು. ಆಕೆ ಬಟ್ಟೆಯ ಮಡಿಕೆ ಸವರಿದಳು.

"ಕಣ್ಣಿನ ವಿಷಯ ಗೊತ್ತಿತ್ತು. ಇದು ಗೊತ್ತಿರಲಿಲ್ಲ" ಎಂದಳು. "ಕಣ್ಣು ಹೋಗಿದ್ದಕ್ಕೆ ನೀವೇನು ಮಾಡ್ತೀರಿ? ಇದು ನೀವು ಮಾಡಿದ್ದು. ಆಯಮ್ಮನೇ ಓದಿ, ಆಯಮ್ಮನೇ ಪಟ್ಟಿ ಇಟ್ಟು, ತನ್ನ ಕೆಲಸ ಹೋಗೋ ಕಾಗದಕ್ಕೆ ತಾನೇ ನಿಮ್ಮ ಸಹಿ ಹಾಕಿಸಿದಳಾ? ಅಯ್ಯೋ ದೇವರೇ. ನಿಮಗೆ ಅನ್ನ ಹೇಗ್ರೀ ಇಳೀತು?"

"ಇಳೀಲಿಲ್ಲ."

"ನಾಳೆ ಕೊನೇ ದಿನ ತಾನೆ? ಹೋಗಿ ಬರೆದುಕೊಡಿ. ಆಮೇಲೆ ಮನೇಲಿ ಕೂತ್ಕೊಳ್ಳಿ, ಗುಂಡಿ ಹಚ್ಚೋದು ಕಲಿಸ್ತೀನಿ."

ಮಾರನೇ ದಿನ ಗುಮಾಸ್ತರು ಬೆಳಿಗ್ಗೆಯಿಂದ ತಿದ್ದುಪಡಿ ನಮೂನೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಸಣ್ಣ ಅಚ್ಚಿನ ಗೆರೆಗಳು ಭೂತಗನ್ನಡಿಯಲ್ಲೂ ಅವರಿಗೆ ಬರಿಯ ಬೂದಿ. ಎಲ್ಲಿ ಬರೆಯುವುದು? ಬರೆಯಬೇಕಾದರೆ ಪಟ್ಟಿ ಇಡುವವರು ಬೇಕು. ಪಟ್ಟಿ ಇಡುವವಳು ಒಬ್ಬಳೇ. ಯಾರಿಗೆ ಅನ್ಯಾಯ ಮಾಡಿದ್ದಾರೋ ಅವಳನ್ನೇ ಕರೆದು, ಆ ಅನ್ಯಾಯ ಅಳಿಸುವುದಕ್ಕೂ ನೀನೇ ಕೈ ಹಿಡಿ ಎನ್ನಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಮುಖವೇ ಏಳಲಿಲ್ಲ. ಮೂರೂವರೆಗೆ ಆಕೆ ಬೀಗದ ಕೈಗೊಂಚಲು ಒಪ್ಪಿಸಲು ಬಂದಳು.

"ಒಂದು ನಿಮಿಷ ಕೂತ್ಕೊಳ್ಳಿ" ಎಂದರು ಗುಮಾಸ್ತರು.

"ಏನ್ ಸಾರ್ ಇದು, ಹೊಸದಾಗಿ ಕೂತ್ಕೊಳ್ಳಿ ಗೀತ್ಕೊಳ್ಳಿ ಅಂತ ಬಹುವಚನ?"

"ತಿದ್ದುಪಡಿ ಬರೀಬೇಕು. ಹತ್ತನೇ ಸಾಲು. ಸ್ವಲ್ಪ ಪಟ್ಟಿ ಇಡ್ತೀರಾ?"

ಗೊಂಚಲು ಮೇಜಿನ ಮೇಲೆ ಬಿದ್ದ ಸದ್ದಾಯಿತು. ಆಕೆ ಕೂರಲಿಲ್ಲ.

"ಅವತ್ತು ಎಷ್ಟು ಹೊತ್ತು ಇಟ್ಟುಕೊಂಡಿದ್ದೆ ಗೊತ್ತಾ ಸಾರ್? ಕೈ ಜೋಮು ಹಿಡೀತು. ಈಗ ಬರೀತಾರೆ, ಈಗ ಬರೀತಾರೆ ಅಂತ. ಬಾಯಿಬಿಟ್ಟು ಕೇಳೋದು ನನಗೂ ಬರ್ತಿತ್ತು. ಕೇಳಿ ಬರೆಸ್ಕೊಂಡಿದ್ರೆ ಅದು ಭಿಕ್ಷೆ ಆಗ್ತಿತ್ತು. ಮಾಡಿದ ಕೆಲಸ ಬರೆಯೋಕೆ ಯಾಕೆ ಕೇಳಬೇಕು?"

"ತಪ್ಪಾಯ್ತು" ಎಂದರು ಗುಮಾಸ್ತರು. "ಹೆದರ್ಕೊಂಡೆ. ನನ್ನ ಮರ್ಯಾದೆ ಹೋಗುತ್ತೆ ಅಂತ ನಿಮ್ಮ ಅನ್ನ ಕಿತ್ಕೊಂಡೆ."

"ಇಪ್ಪತ್ತನಾಲ್ಕು ವರ್ಷದಲ್ಲಿ ನನಗೆ ಇಷ್ಟವಾದ ಕೆಲಸ ಅಂತ ಇದ್ದದ್ದು ಅದೊಂದೇ" ಎಂದಳು ಗಂಟೆಯಕ್ಕ. "ಅದನ್ನೇ ನೀವು ಇಷ್ಟೇ ಅಂದ್ರಿ. ಕಕ್ಕಸು ತೊಳೆದಿದ್ದಕ್ಕೆ ಒಂದು ಸಾಲು ಕೊಟ್ರಿ, ಅದಕ್ಕೆ ಕೊಡಲಿಲ್ಲ."

ಗುಮಾಸ್ತರು ಅಡಿಪಟ್ಟಿಯನ್ನು ಮೇಜಿನ ಮೇಲೆ ಆಕೆಯ ಕಡೆ ಸರಿಸಿದರು.

"ನನ್ನ ಪಟ್ಟಿಯಲ್ಲಿ ಅದಿಲ್ಲ ಸಾರ್" ಎಂದು ಆಕೆ ಹೊರಗೆ ಹೋದಳು.

ಗುಮಾಸ್ತರು ಕಾಲು ಗಂಟೆ ಹಾಗೇ ಕೂತಿದ್ದರು. ಆಮೇಲೆ ಪೆನ್ನು ಎತ್ತಿಕೊಂಡರು. ಪಟ್ಟಿಯನ್ನು ತಾವೇ ಇಟ್ಟುಕೊಳ್ಳಲು ನೋಡಿದರು, ಅದು ಜಾರಿತು. ಬಿಸಾಡಿ ಬರೆದರು. ಎಲ್ಲಿ ಬೀಳುತ್ತದೋ ಬೀಳಲಿ ಎಂದು ಬರೆದರು. ಎರಡು ವರ್ಷದ ಬೆಳಗು ಸಂಜೆಗಳನ್ನೆಲ್ಲ ಬರೆದರು. ಕಾಗದ ಎತ್ತಿಕೊಂಡು, ಗೋಡೆ ಸವರುತ್ತಾ, ಯಾರ ಎದುರೂ ಹಾಗೆ ಸವರದಿದ್ದವರು ಅವತ್ತು ಎಲ್ಲರೆದುರು ಸವರುತ್ತಾ, ದೊಡ್ಡ ಮೇಡಂ ಕೋಣೆಗೆ ಹೋದರು.

ದೊಡ್ಡ ಮೇಡಂ ಕಾಗದ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಏನಿದು ಗುಮಾಸ್ತರೇ? ಸಾಲಿನ ಮೇಲೆ ಸಾಲು ಬಿದ್ದಿದೆ. ಅರ್ಧ ಹೊರಗೇ ಹೋಗಿದೆ. ಒಂದಕ್ಷರ ಓದೋಕಾಗ್ತಿಲ್ಲ."

"ಹೌದು ಮೇಡಂ. ನಾನೊಬ್ಬನೇ ಬರೆದರೆ ಹೀಗೇ ಇರುತ್ತೆ" ಎಂದರು ಗುಮಾಸ್ತರು. "ನೀವು ಹೊಗಳ್ತಿದ್ದ ಕೆಲಸ ನನ್ನದಲ್ಲ. ಓದಿದ್ದು ಗಂಟೆಯಕ್ಕ. ಗೆರೆ ತೋರಿಸಿದ್ದು ಗಂಟೆಯಕ್ಕ. ನೆನ್ನೆ ಆ ತಪ್ಪು ಪತ್ರ ಮಾತ್ರ ಪೂರ್ತಿ ನಂದು. ನನಗೆ ಕಣ್ಣು ಕಾಣಲ್ಲ."

ದೊಡ್ಡ ಮೇಡಂ ನೆನ್ನೆಯ ಬೈಗುಳ ನೆನಪಿಸಿಕೊಂಡರೋ ಏನೋ, ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ನೀಲಿ ಕೋಟಿನ ಹುಡುಗಿಯನ್ನು ಕಳಿಸಿ ಗಂಟೆಯಕ್ಕನನ್ನು ಕರೆಸಿದರು.

"ಇವರು ಹೇಳ್ತಿರೋದು ನಿಜಾನಾ? ಇವರ ಕಣ್ಣಿನ ವಿಷಯ ನಿನಗೆ ಗೊತ್ತಿತ್ತಾ?"

ಗುಮಾಸ್ತರು ಆಕೆಯ ಕಡೆ ತಿರುಗಿದರು. ಮುಖವಿರಬೇಕಾದ ಕಡೆ ಅದೇ ಹೆಬ್ಬೆಟ್ಟಿನ ಕಲೆ. "ಹೇಳಿಬಿಡಮ್ಮ" ಎಂದರು. "ಯಾರಿಗೂ ಹೇಳಬೇಡ ಅಂದಿದ್ದೆನಲ್ಲ, ಆ ಮಾತಿನಿಂದ ಬಿಟ್ಟಿದ್ದೀನಿ."

"ಇವರ ಕಣ್ಣು ನನಗೇನು ಗೊತ್ತು ಮೇಡಂ, ನಾನೇನು ಡಾಕ್ಟರಾ?" ಎಂದಳು ಗಂಟೆಯಕ್ಕ. "ನನ್ನ ಕೆಲಸ ನನಗೆ ಗೊತ್ತು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ ದಾಖಲೆ ಓದ್ತೀನಿ. ಬೇಕಿದ್ರೆ ಯಾವ ಪುಸ್ತಕ ಬೇಕಾದ್ರೂ ತೆಗೀರಿ, ಯಾವ ಮಗು ಬೇಕಾದ್ರೂ ಕೇಳಿ."

ದೊಡ್ಡ ಮೇಡಂ ಏನೂ ಕೇಳಲಿಲ್ಲ. ಹೊಸ ನಮೂನೆ ತೆಗೆದು ತಮ್ಮ ಕೈಯಿಂದಲೇ ಹತ್ತನೇ ಸಾಲು ತುಂಬಿದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ಗಂಟೆಯಕ್ಕನ ಸಹಿ ಆಯಿತು.

"ಐದು ಗಂಟೆಯೊಳಗೆ ನಾನೇ ಕಚೇರಿಗೆ ಮುಟ್ಟಿಸ್ತೀನಿ" ಎಂದರು. "ಇದಕ್ಕೆ ಮುದ್ರೆ ಬಿದ್ದರೆ ಇವಳ ಹುದ್ದೆ ಉಳಿಯುತ್ತೆ. ನಿಮ್ಮದು ಉಳಿಯಲ್ಲ. ಗೊತ್ತು ತಾನೆ ಗುಮಾಸ್ತರೇ?"

"ಗೊತ್ತು ಮೇಡಂ."

"ಹಾಗಾದರೆ ಪಟ್ಟಿ ತಯಾರಿಸಿದವರ ಸಹಿ. ಇಲ್ಲಿ."

ಇಲ್ಲಿ ಎಂದರೆ ಎಲ್ಲಿ? ದೊಡ್ಡ ಮೇಡಂ ಬೆರಳು ತೋರಿಸಿದ್ದಿರಬೇಕು. ಗುಮಾಸ್ತರ ಪೆನ್ನು ಕಾಗದದ ಮೇಲೆ ಗಾಳಿಯಲ್ಲೇ ಅತ್ತಿತ್ತ ಆಡಿತು, ಇಳಿಯಲು ಜಾಗ ಸಿಗಲಿಲ್ಲ. ಇನ್ನಷ್ಟು ಕೆಳಗೆ, ಎಂದರು ದೊಡ್ಡ ಮೇಡಂ. ಈ ಕಡೆ, ಎಂದರು.

ಚಪ್ಪಲಿಯ ಸದ್ದು ಹೊರಗೆ ಹೋಯಿತು. ಗುಮಾಸ್ತರು ಪೆನ್ನು ಹಿಡಿದು ಹಾಗೇ ಕೂತರು. ಹೋದಳು, ಹೋಗಬೇಕಾದ್ದೇ, ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಅದೇ ಸದ್ದು ಕಚೇರಿ ಕೋಣೆಯ ಕಡೆಯಿಂದ ವಾಪಸು ಬಂತು. ಅವರ ಕಿರುಬೆರಳಿಗೆ ಮರದ ಅಂಚು ತಾಗಿತು.

ಗುಮಾಸ್ತರು ಸಹಿ ಮಾಡಿದರು. ಕಣ್ಣೀರು ಕಾಗದದ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿ ಮಾಡಿದರು. ಪಟ್ಟಿ ಸಹಿ ಮುಗಿಯುವವರೆಗೆ ಅಲ್ಲಾಡಲಿಲ್ಲ.

"ನನ್ನ ಕ್ಷಮಿಸಿದ್ರಾ?" ಎಂದರು, ದೊಡ್ಡ ಮೇಡಂ ಕೇಳಿಸಿಕೊಳ್ಳುತ್ತಿದ್ದಾರೆಂಬ ಪರಿವೆಯಿಲ್ಲದೆ.

"ಇಲ್ಲ ಸಾರ್" ಎಂದಳು ಗಂಟೆಯಕ್ಕ. ಪಟ್ಟಿಯನ್ನು ಸೆರಗಿನಲ್ಲಿ ಒರೆಸಿ, ತಾನೇ ಇಟ್ಟುಕೊಂಡಳು. "ನಾಲ್ಕೂವರೆ ಆಯ್ತು. ಮಕ್ಕಳು ಕಾಯ್ತಿರ್ತಾರೆ" ಎಂದು ಗಂಟೆ ಹೊಡೆಯಲು ಹೋದಳು.